ಒಂದೇ ಗುಂಡಿ, ಎರಡು ಹಗ್ಗ

ರಭಸದ ನೀರಲ್ಲಿ ಸಿಕ್ಕಿದವರನ್ನು ಕಾಪಾಡೋ ತರಬೇತಿಯ ಮೊದಲ ಪಾಠ ಗೊತ್ತಾ? ಕಾಪಾಡಲು ಹೋದ ನೀನು ಸಾಯಬೇಡ. ದಡದಿಂದಲೇ ಕೋಲು ಚಾಚು, ಹಗ್ಗ ಎಸೆ. ಬೇರೆ ದಾರಿ ಇಲ್ಲದಾಗ ಮಾತ್ರ ನೀರಿಗಿಳಿ. ಮ್ಯಾನ್‌ಹೋಲಿಗೂ ಇದೇ ಪಾಠ: ಮೊದಲು ವಿಷಗಾಳಿ ಪರೀಕ್ಷೆ, ಮುಖಕ್ಕೆ ಉಸಿರಾಟದ ಮಾಸ್ಕ್, ಮೈಗೆ ಹಾರ್ನೆಸ್, ಮೇಲೆಳೆಯಲು ಹಗ್ಗ.

ನಮ್ಮವರಿಗೆ? ಸೊಂಟಕ್ಕೊಂದು ಹಗ್ಗ. ಎಷ್ಟೋ ಸಲ ಅದೂ ಇಲ್ಲ. ಒಳಗಿದ್ದವನು ಓಗೊಡದಿದ್ದಾಗ ಜೊತೆಗಾರ ಇಳೀತಾನೆ, ಅವನೂ ಹೋಗ್ತಾನೆ. ಇಂಥ ಸುದ್ದಿ ಎಷ್ಟು ಓದಿದ್ದೀವಿ!

ಇತಿಹಾಸ ನೋಡಿ. 1993ರ ಕಾಯ್ದೆ ಮಲ ಹೊರೋದನ್ನು, ಒಣ ಪಾಯಿಖಾನೆಯನ್ನು ನಿಷೇಧಿಸಿತು, ಮ್ಯಾನ್‌ಹೋಲಿನ ಮಾತೆತ್ತಲಿಲ್ಲ. 2006ರಲ್ಲಿ ಎನ್‌ಡಿಆರ್‌ಎಫ್ ಹುಟ್ಟಿತು. ಕಾಪಾಡೋರಿಗೆ ತರಬೇತಿ, ಸಲಕರಣೆ ಸಿಕ್ಕಿತು; ಒಳ್ಳೇದೇ. ರಕ್ಷಣೆಯಿಲ್ಲದೆ ಮ್ಯಾನ್‌ಹೋಲಿಗೆ ಇಳಿಸೋದು ಕಾನೂನಲ್ಲಿ ಅಪರಾಧ ಆಗಿದ್ದು ಮಾತ್ರ 2013ರಲ್ಲಿ. ಸಫಾಯಿ ಕರ್ಮಚಾರಿ ಆಂದೋಲನದ ಮೊಕದ್ದಮೆಯಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್, ತುರ್ತಿದ್ದರೂ ಹಾಗೆ ಇಳಿಸುವಂತಿಲ್ಲ ಅಂದಿತು. ಸತ್ತರೆ 10 ಲಕ್ಷ ಪರಿಹಾರ. 2023ರಲ್ಲಿ ಅದು 30 ಲಕ್ಷ ಆಯ್ತು.

ಹೆಣದ ಬೆಲೆ ಏರಿತು. ಹೆಣ ಎತ್ತೋಕೆ ಬರೋರ ಮೈಮೇಲಿರೋ ಹಾರ್ನೆಸ್, ಜೀವ ಇದ್ದಾಗ ಇಳಿದವನ ಮೈಮೇಲೆ ಯಾಕಿರಲಿಲ್ಲ? ಹಾಗಂತ ಹಾರ್ನೆಸ್ ಕಟ್ಟಿ ಇಳಿಸಿ ಅಂತ ನಾನು ಕೇಳ್ತಿಲ್ಲ. ಗುಂಡಿಗೆ ಯಂತ್ರ ಇಳೀಲಿ, ಮನುಷ್ಯ ಬೇಡ.

ಜೈ ಭೀಮ್.