ಕಲಘಟಗಿ ತೊಟ್ಟಿಲು ಮತ್ತು ವಿಮಾನದ ಕೂಸು

ಮೊದಲ ಸಲ ಕೂಸನ್ನು ಎತ್ತಿಕೊಂಡು ವಿದೇಶಕ್ಕೆ ಹೊರಟ ತಾಯಂದಿರ ಪ್ರಶ್ನೆಗಳು ನಿಮಗೆ ಗೊತ್ತೇ ಇರುತ್ತವೆ. ಹಾಲು ಒಯ್ಯಲು ಬಿಡ್ತಾರಾ, ಕಿವಿ ನೋಯತ್ತಾ, ಮಲಗಿಸಲು ಜಾಗ ಸಿಗತ್ತಾ, ಅಳೋಕೆ ಶುರು ಮಾಡಿದರೆ ಏನ್ಮಾಡೋದು... ಇದಕ್ಕೆಲ್ಲ ಉತ್ತರ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಕುತೂಹಲ ಇರುವುದು ಈ ಪ್ರಯಾಣದ ಹಿಂದಿನ ಕತೆಯ ಬಗ್ಗೆ.

ನಮ್ಮ ಧಾರವಾಡ ಜಿಲ್ಲೆಯ ಹಳ್ಳಿಗಳಿಂದ ನೋಡಿದರೆ ಇದು ಹೊಸ ಪ್ರಯಾಣವೇ ಅಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಬಾಣಂತನ ಮುಗಿದ ಮೇಲೆ ತಾಯಿ ಮಗುವನ್ನು ಉಡಿ ತುಂಬಿ ಗಂಡನ ಮನೆಗೆ ಕಳಿಸಬೇಕು. ಗಂಡನ ಮನೆ ನವಲಗುಂದದಲ್ಲಿರಲಿ, ನ್ಯೂ ಜೆರ್ಸಿಯಲ್ಲಿರಲಿ, ಹೊರಡುವುದು ಅದೇ ಬಾಣಂತಿ, ಅದೇ ಕೂಸು, ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುವುದು ಅದೇ ಅವ್ವ. ಬದಲಾಗಿರುವುದು ದೂರ ಮತ್ತು ಜೊತೆಗೆ ಹೋಗುವ ಸಾಮಾನು ಮಾತ್ರ.

ದೂರದ ಸಂಬಂಧಗಳೂ ಹೊಸವಲ್ಲ ನೋಡಿ. ತೆಲಂಗಾಣದ ಕರೀಂನಗರ ಸೀಮೆಯಲ್ಲಿ ಆದಿಕವಿ ಪಂಪನ ತಮ್ಮ ಜಿನವಲ್ಲಭ ಬಂಡೆಯ ಮೇಲೆ ಕೆತ್ತಿಸಿದ ಹತ್ತನೇ ಶತಮಾನದ ಶಾಸನ ಇದೆ. ಗಂಗಾಧರಂ ಶಾಸನ ಅಂತ ನಾವು ಓದಿದ್ದು ಅದನ್ನೇ. ಕನ್ನಡ, ಸಂಸ್ಕೃತ, ತೆಲುಗು ಮೂರೂ ಭಾಷೆ ಅದರಲ್ಲಿವೆ. ತಮ್ಮ ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅಂತ ಅಲ್ಲಿ ಹೇಳಿದೆ. ಗಂಡನ ಕಡೆಯವರು ವೆಂಗಿ ಸೀಮೆಯವರು. ಅಂದರೆ ಸಾವಿರ ವರ್ಷದ ಹಿಂದೆಯೇ ನಮ್ಮ ಅಣ್ಣಿಗೇರಿಯ ಮನೆಮಗಳೊಬ್ಬಳು ಬೇರೆ ಮಾತಿನ ನಾಡಿಗೆ ಸೊಸೆಯಾಗಿ ಹೋಗಿದ್ದಳು. ಮಗ ಕಲ್ಲಿನಲ್ಲಿ ಕೊರೆಸುವಾಗಲೂ ತಾಯಿಯ ತವರನ್ನು ಮರೆಯಲಿಲ್ಲ!

ಈಗ ತೊಟ್ಟಿಲಿಗೆ ಬರೋಣ. ಕಲಘಟಗಿ ಅಂದ ತಕ್ಷಣ ನಮ್ಮ ಕಡೆಯವರಿಗೆ ನೆನಪಾಗುವುದು ಬಣ್ಣದ ತೊಟ್ಟಿಲು. ಊರು ಇರುವ ಜಾಗವೇ ಅದಕ್ಕೆ ಕಾರಣ ಅನ್ನಿಸುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಎಲ್ಲ ಎರೆ ಹೊಲದ ಬಯಲು. ಜೋಳ, ಹತ್ತಿ, ಕಡಲೆ ಬೆಳೆಯುತ್ತದೆ, ಒಳ್ಳೆಯ ಮರ ಸಿಗುವುದಿಲ್ಲ. ಕಲಘಟಗಿ ಮಾತ್ರ ಮಲೆನಾಡಿನ ಸೆರಗಿನಲ್ಲಿದೆ. ಪಕ್ಕದಲ್ಲೇ ಹಳಿಯಾಳ, ಯಲ್ಲಾಪುರದ ಸಾಗವಾನಿ ಕಾಡು. ಬಡಿಗರ ಕೈಯಲ್ಲಿ ಆ ಸಾಗವಾನಿ ತೊಟ್ಟಿಲಾಗುತ್ತದೆ. ಅರಗಿನ ಬಣ್ಣ ಹಚ್ಚಿ, ಕೇದಿಗೆ ಗರಿಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಸುತ್ತಲೂ ರಾಮಾಯಣದ್ದೋ ಕೃಷ್ಣನದ್ದೋ ಚಿತ್ರಗಳು. ಅಜ್ಜಿ ಮಲಗಿದ ತೊಟ್ಟಿಲಲ್ಲೇ ಮೊಮ್ಮಗಳ ಮಗು ಮಲಗಿದ ಮನೆಗಳು ನಮ್ಮಲ್ಲಿವೆ. ಒಂದು ಮನೆಯ ತೊಟ್ಟಿಲು ಓಣಿಯ ನಾಲ್ಕು ಮನೆಗೆ ಹೋಗಿ ಬರುವುದೂ ಉಂಟು.

ಈ ತೊಟ್ಟಿಲಿಗೆ ಮೊನ್ನೆ ಮೊನ್ನೆ ದೊಡ್ಡ ಸುದ್ದಿಯ ಭಾಗ್ಯವೂ ಬಂತು. ನಟ ಅಂಬರೀಶ್ ಅವರು ಯಶ್ ಮತ್ತು ರಾಧಿಕಾ ಪಂಡಿತ್ ದಂಪತಿಗೆ ಹುಟ್ಟಲಿದ್ದ ಮಗುವಿಗೆಂದು ಕಲಘಟಗಿಯಲ್ಲಿ ತೊಟ್ಟಿಲು ಮಾಡಲು ಹೇಳಿದ್ದರು. 2018ರ ನವೆಂಬರ್ 24ರಂದು ಅವರು ತೀರಿಕೊಂಡರು. ಮಗು ಹುಟ್ಟಿದ್ದು ಡಿಸೆಂಬರ್ 2ಕ್ಕೆ. ಹೇಳಿದವರು ಹೋದ ಮೇಲೂ ತೊಟ್ಟಿಲು ಮಗುವಿನ ಮನೆ ಸೇರಿತು.

ಮಗುವಿಗೆ ಹೆಸರಿಡುವುದೂ ತೊಟ್ಟಿಲಲ್ಲೇ. ಮೊದಲು ಗುಂಡುಕಲ್ಲಿಗೆ ಬಟ್ಟೆ ಸುತ್ತಿ ಮಲಗಿಸಿ, ಆಮೇಲೆ ಕೂಸು. ಸೋದರತ್ತೆ ಕಿವಿಯಲ್ಲಿ ಹೆಸರು ಉಸುರಿದ ಕೂಡಲೇ ಅವಳ ಬೆನ್ನಿಗೆ ಎಲ್ಲರೂ ಸೇರಿ ಗುದ್ದುವುದು :) ನಗುವ ವಿಷಯ ಹೌದು, ಆದರೆ ಇದರಲ್ಲಿ ಒಂದು ಮಾತಿದೆ. ಹದಿಮೂರು ದಿನದ ಕೂಸಿಗೂ ಮನೆಯಲ್ಲಿ ತನ್ನದೇ ಆದ ಒಂದು ಜಾಗ ಇದೆ. ಅದು ಯಾರ ತೊಡೆಯೂ ಅಲ್ಲ, ಯಾರ ಹಾಸಿಗೆಯ ಮೂಲೆಯೂ ಅಲ್ಲ. ಗಂಡನ ಮನೆಗೆ ಹೋಗುವಾಗ ಚಕ್ಕಡಿಯಲ್ಲಿ ಆ ಜಾಗವೂ ಕೂಸಿನ ಜೊತೆಗೇ ಹೋಗುತ್ತಿತ್ತು. ತವರಿನವರು ತೊಟ್ಟಿಲು ಕೊಡುವುದು ಎಂದರೆ ಇದೇ.

ಕಡಲು ದಾಟುವ ಪ್ರಯಾಣದಲ್ಲಿ ಮಕ್ಕಳಿಗೆ ಈ ಜಾಗ ಇಲ್ಲದಾಯಿತು. ನಮಗಿಂತ ಬಹಳ ಮುಂಚೆ ನಮ್ಮದೇ ಜಿಲ್ಲೆಯಲ್ಲಿ ಈ ಕಷ್ಟ ಕಂಡವರು ಬಾಸೆಲ್ ಮಿಷನ್‌ನವರು. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದು ನೆಲೆಸಿದ ಈ ಪಾದ್ರಿಗಳ ಮಕ್ಕಳು ಇಲ್ಲೇ ಹುಟ್ಟುತ್ತಿದ್ದರು. ಆದರೆ ಇಲ್ಲೇ ಬೆಳೆಯುವಂತಿರಲಿಲ್ಲ. ಮಿಷನ್‌ನವರು 1853ರಲ್ಲಿ ಬಾಸೆಲ್‌ನಲ್ಲಿ ಮಕ್ಕಳ ಮನೆಯೊಂದನ್ನು ತೆರೆದರು. ಶಾಲೆಯ ವಯಸ್ಸು ಬಂದ ಮಕ್ಕಳನ್ನು ಹಡಗು ಹತ್ತಿಸಿ ಅಲ್ಲಿಗೆ ಕಳಿಸುವುದು ನಿಯಮವಾಯಿತು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಅದಕ್ಕೂ ಮುಂಚಿನ ಕಾಲ ಅದು. ಆರೇಳು ವರ್ಷದ ಮಗುವನ್ನು ಬೀಳ್ಕೊಟ್ಟ ತಾಯಿ ಮತ್ತೆ ನೋಡುತ್ತಿದ್ದದ್ದು ಎಷ್ಟೋ ವರ್ಷಗಳ ನಂತರ. ನಮ್ಮ ಭಾಷೆಗೆ ನಿಘಂಟು, ವ್ಯಾಕರಣ, ಪತ್ರಿಕೆ ಕೊಟ್ಟ ಆ ಜನರ ಮನೆಗಳಲ್ಲಿ ಈ ನೋವೂ ಇತ್ತು ಅನ್ನುವುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ವಿಮಾನ ಬಂದ ಮೇಲೆ ತಿಂಗಳುಗಳು ದಿನಗಳಾದವು. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ 'ಮಲಬಾರ್ ಪ್ರಿನ್ಸೆಸ್' ವಿಮಾನ ಮುಂಬಯಿಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹಾರಿತು. ಆಗ ಧಾರವಾಡ ಇನ್ನೂ ಮುಂಬಯಿ ಪ್ರಾಂತದಲ್ಲೇ ಇತ್ತು, ನಾವು ಮೈಸೂರು ರಾಜ್ಯ ಸೇರಿದ್ದು 1956ರ ನವೆಂಬರ್ 1ಕ್ಕೆ. ಹಾಗಾಗಿ ನಮ್ಮ ಕಡೆಯವರಿಗೆ ಪರದೇಶದ ಬಾಗಿಲು ಅಂದರೆ ಮುಂಬಯಿಯೇ. ಬಹಳ ದಿನ ಹಾಗೇ ಉಳಿಯಿತು ಕೂಡ.

ಆದರೆ ಆ ವಿಮಾನಗಳಲ್ಲಿ ಕೂಸನ್ನು ಎಲ್ಲಿ ಮಲಗಿಸುವುದು? ಈ ವಿಮಾನದ ತೊಟ್ಟಿಲಿನ ಕತೆ ಮಜವಾಗಿದೆ. 1950ರ ದಶಕದಲ್ಲಿ ಬ್ರಿಟಿಷರ ಬಿಒಎಸಿ ಕಂಪನಿ 'ಸ್ಕೈಕಾಟ್' ಅಂತ ಒಂದು ಪುಟ್ಟ ಹಾಸಿಗೆ ಇಟ್ಟಿತ್ತು. ಅದನ್ನು ತಲೆಯ ಮೇಲಿನ ಸಾಮಾನಿನ ಅಟ್ಟಕ್ಕೆ ನೇತು ಹಾಕುತ್ತಿದ್ದರು! ಹಳೆಯ ಫೋಟೋಗಳಲ್ಲಿ ಗುಂಡಗುಂಡನೆಯ ಕೂಸುಗಳು ಅದರೊಳಗಿಂದ ಇಣುಕಿ ನೋಡುತ್ತಿರುತ್ತವೆ. ನಮ್ಮವರು ಸೀರೆಯ ಜೋಲಿಯನ್ನು ತೊಲೆಗೆ ಕಟ್ಟುತ್ತಿದ್ದರಲ್ಲ, ಹೆಚ್ಚೂ ಕಡಿಮೆ ಅದೇ ಬುದ್ಧಿ. ವಿಮಾನಗಳು ದೊಡ್ಡವಾದ ಮೇಲೆ ತೊಟ್ಟಿಲು ಕೆಳಗಿಳಿದು ಮುಂದಿನ ಸಾಲಿನ ಎದುರಿನ ಗೋಡೆಗೆ ಬಂತು. ಅದೇ ಈಗಿನ ಬ್ಯಾಸಿನೆಟ್. ಸಾಮಾನ್ಯವಾಗಿ ಹತ್ತು ಹನ್ನೊಂದು ಕಿಲೋ ಒಳಗಿನ ಕೂಸಿಗೆ ಮಾತ್ರ. ಮೊದಲೇ ಹೇಳಿಟ್ಟರೆ ಸಿಕ್ಕೀತು, ಖಾತ್ರಿ ಇಲ್ಲ. ವಿಮಾನ ಏರುವಾಗ, ಇಳಿಯುವಾಗ, ಕುಲುಕುವಾಗ ಕೂಸನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಆಗಷ್ಟೇ ಮಲಗಿದ ಕೂಸನ್ನು ಎತ್ತುವುದೆಂದರೆ ಏನು ಅಂತ ಗೊತ್ತಿದ್ದವರಿಗೇ ಗೊತ್ತು.

ತೊಡೆ ಅಂದೆನಲ್ಲ, ಈ ಇತಿಹಾಸದ ಗಂಭೀರ ಭಾಗ ಅಲ್ಲೇ ಇದೆ. ಎರಡು ವರ್ಷದೊಳಗಿನ ಮಗುವಿಗೆ ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಸಾಮಾನ್ಯವಾಗಿ ದೊಡ್ಡವರ ದರದ ಸುಮಾರು ಶೇಕಡಾ 10 ಮಾತ್ರ ಟಿಕೆಟ್ಟು. ಕಡಿಮೆ ಆಯಿತಲ್ಲ ಅಂತ ಖುಷಿ ಆಗುತ್ತದೆ. ಆದರೆ ಆ ದುಡ್ಡಿಗೆ ಸೀಟು ಇಲ್ಲ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ ಕಂಪನಿಯ 232ನೇ ವಿಮಾನ ನೆಲಕ್ಕೆ ಅಪ್ಪಳಿಸಿತು. ಒಳಗೆ 296 ಜನ, ಅವರಲ್ಲಿ ಸತ್ತವರು 112. ತೊಡೆಯ ಮೇಲೆ ಬಂದಿದ್ದ ಪುಟ್ಟ ಮಕ್ಕಳು ನಾಲ್ಕು. ಅಪಘಾತಕ್ಕೆ ಮುಂಚೆ ಪರಿಚಾರಕಿಯರ ಮುಖ್ಯಸ್ಥೆ ಜಾನ್ ಬ್ರೌನ್, ಆಗಿನ ಸೂಚನೆಯಂತೆ, ಮಕ್ಕಳನ್ನು ಕಾಲ ಬಳಿ ನೆಲದ ಮೇಲೆ ಇಟ್ಟು ಹಿಡಿದುಕೊಳ್ಳಿ ಎಂದು ತಾಯಂದಿರಿಗೆ ಹೇಳಿದ್ದರು. ನಾಲ್ವರಲ್ಲಿ ಒಂದು ಮಗು ಉಳಿಯಲಿಲ್ಲ. ಆಕೆ ಬದುಕಿದರು, ಪ್ರತಿ ಮಗುವಿಗೂ ಅದರದೇ ಸೀಟು ಇರಬೇಕು ಅಂತ ವರ್ಷಾನುಗಟ್ಟಲೆ ಹೋರಾಡಿದರು.

ಅಮೆರಿಕದ ಅಪಘಾತ ತನಿಖಾ ಮಂಡಳಿಯೂ ಅದನ್ನೇ ಹೇಳಿತು. ಆದರೆ ಅಲ್ಲಿನ ವಿಮಾನಯಾನ ಇಲಾಖೆ ಕಡ್ಡಾಯ ಮಾಡಲಿಲ್ಲ. ಅವರ ಲೆಕ್ಕ ಹೀಗಿದೆ: ಕೂಸಿಗೂ ಪೂರ್ತಿ ಟಿಕೆಟ್ ತೆಗೆಯಿರಿ ಅಂದರೆ ಎಷ್ಟೋ ಕುಟುಂಬಗಳು ವಿಮಾನ ಬಿಟ್ಟು ಕಾರಿನಲ್ಲಿ ಹೋಗುತ್ತವೆ, ರಸ್ತೆಯಲ್ಲಿ ಸಾಯುವವರೇ ಹೆಚ್ಚಾಗುತ್ತಾರೆ. ಅವರ ದೇಶಕ್ಕೆ ಈ ಲೆಕ್ಕ ಸರಿ ಇದ್ದೀತು. ಆದರೆ ಹುಬ್ಬಳ್ಳಿಯಿಂದ ಚಿಕಾಗೋಕ್ಕೆ ಕಾರಿನಲ್ಲಿ ಹೋಗುವವರು ಯಾರಿದ್ದಾರೆ ಹೇಳಿ? ನಮ್ಮ ಕೂಸಿನ ಮಟ್ಟಿಗೆ ಆ ವಾದ ನಿಲ್ಲುವುದೇ ಇಲ್ಲ. ಕೈಲಾದವರು ಕೂಸಿಗೊಂದು ಸೀಟು ತೆಗೆದು, ವಿಮಾನಕ್ಕೆ ಒಪ್ಪುವ ಮಕ್ಕಳ ಕುರ್ಚಿ ಒಯ್ಯುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅದು ದುಬಾರಿ, ಒಪ್ಪುತ್ತೇನೆ. ತವರಿನವರಿಗೆ ಸಾಗವಾನಿ ತೊಟ್ಟಿಲೂ ಅಗ್ಗವಾಗಿರಲಿಲ್ಲವಲ್ಲ.

ಇನ್ನು ಕಿವಿಯ ವಿಷಯ. "ಕೂಸಿನ ಕಿವಿ ಮುಚ್ಚವಾ, ಗಾಳಿ ಹೊಕ್ಕೀತು" ಅಂತ ಕುಂಚಿಗಿ ಕಟ್ಟಿ ಕಳಿಸುವವರು ನಮ್ಮ ಅಜ್ಜಿಯರು. ಚಳಿಗೆ ಅದು ಸರಿಯೇ. ಆದರೆ ವಿಮಾನದ ಕಿವಿನೋವು ಗಾಳಿ ಹೊಕ್ಕು ಬರುವುದಲ್ಲ. ಹಾರುವಾಗ ಒಳಗಿನ ಗಾಳಿಯ ಒತ್ತಡವನ್ನು ಹೆಚ್ಚೆಂದರೆ 8,000 ಅಡಿ, ಅಂದರೆ ಸುಮಾರು 2,400 ಮೀಟರ್ ಎತ್ತರದ ಬೆಟ್ಟದಲ್ಲಿ ಇರುವಷ್ಟು ಇಟ್ಟಿರುತ್ತಾರೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಇಳಿಯುವಾಗ ಅರ್ಧ ಗಂಟೆಯಲ್ಲಿ ಆ ಎತ್ತರದಿಂದ ಕೆಳಗೆ ಬಂದಂತೆ. ಕಿವಿಯ ಒಳಗಿನ ಒತ್ತಡ ಹೊರಗಿನದಕ್ಕೆ ಹೊಂದಿಕೊಳ್ಳಬೇಕಾದರೆ ನುಂಗಬೇಕು. ದೊಡ್ಡವರು ಉಗುಳು ನುಂಗುತ್ತಾರೆ, ಕೂಸಿಗೆ ಮೊಲೆಹಾಲೋ ಬಾಟಲಿಯೋ ಬೇಕು. 2006ರ ಆಗಸ್ಟಿನಲ್ಲಿ ಬ್ರಿಟನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದಾಗ ಕೆಲವು ದಿನ ಅಲ್ಲಿನ ತಾಯಂದಿರು ಕೂಸಿನ ಹಾಲನ್ನು ತಾವೇ ಕುಡಿದು ತೋರಿಸಬೇಕಾಗಿತ್ತು. ಆಮೇಲೆ ಬಂದ 100 ಮಿಲಿಲೀಟರ್ ನಿಯಮದಿಂದ ಕೂಸಿನ ಹಾಲಿಗೆ ವಿನಾಯಿತಿ ಸಿಕ್ಕಿತು.

ಚಕ್ಕಡಿಗೆ ಬೇಡವಾಗಿದ್ದ ಇನ್ನೊಂದು ಸಾಮಾನು ಕಾಗದಪತ್ರ. ಮೊದಲು ಚಿಕ್ಕ ಮಕ್ಕಳ ಹೆಸರನ್ನು ತಂದೆ ತಾಯಿಯ ಪಾಸ್‌ಪೋರ್ಟಿನಲ್ಲೇ ಬರೆಯುತ್ತಿದ್ದರು. ಈಗ ತಲೆಗೊಂದು ಪಾಸ್‌ಪೋರ್ಟು, ಕೂಸಿನದಕ್ಕೆ 5 ವರ್ಷ ಆಯುಷ್ಯ. ಅದಕ್ಕೆ ಮೂಲ ಜನನ ಪ್ರಮಾಣಪತ್ರ. 1969ರ ಕಾಯ್ದೆಯಿಂದ ಜನನ ನೋಂದಣಿ ಕಡ್ಡಾಯವಾಗಿದ್ದರೂ ಹಳ್ಳಿಗಳಲ್ಲಿ ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದದ್ದೇ ಹುಟ್ಟಿದ ತಾರೀಖು ಆಗಿತ್ತು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಆದ್ದರಿಂದ ತೊಟ್ಟಿಲಲ್ಲಿ ಇಟ್ಟ ಹೆಸರು ಪಂಚಾಯಿತಿಯ ಪುಸ್ತಕಕ್ಕೂ ಬೇಗ ಹೋಗಲಿ.

ಅಂದ ಹಾಗೆ, ಪಾಸ್‌ಪೋರ್ಟಿನ ಅಡ್ಡಹೆಸರಿನ ಮನೆ ತುಂಬುವಾಗ ಬೆಂಗಳೂರು, ಮೈಸೂರು ಕಡೆಯವರು ಇನಿಷಿಯಲ್ ಬಿಡಿಸುತ್ತಾ ಒದ್ದಾಡುತ್ತಾರೆ. ನಮ್ಮವರಿಗೆ ಆ ಚಿಂತೆ ಇಲ್ಲ. ಅಣ್ಣಿಗೇರಿ, ಕುಂದಗೋಳ, ನವಲಗುಂದ, ಕಲಘಟಗಿ... ಎಷ್ಟೋ ಮನೆಗಳಿಗೆ ಊರೇ ಅಡ್ಡಹೆಸರು. ಊರನ್ನೇ ನೋಡಿರದ ಕೂಸು ಟೆಕ್ಸಾಸಿನ ಶಾಲೆಯಲ್ಲಿ ಹಾಜರಿ ಕೂಗುವಾಗ ದಿನಾ ಆ ಊರಿಗೆ "ಹಾಜರ್" ಅನ್ನುತ್ತಿರುತ್ತದೆ!

ಹೀಗೆ ಹೊರಟವರ ಮೊದಲ ತಲೆಮಾರು ಹೆಚ್ಚಾಗಿ ಡಾಕ್ಟರರು, ಎಂಜಿನಿಯರರು. ಹುಬ್ಬಳ್ಳಿಯಲ್ಲಿ ಬಿವಿಬಿ ಎಂಜಿನಿಯರಿಂಗ್ ಕಾಲೇಜು 1947ರಲ್ಲಿ, ಮೆಡಿಕಲ್ ಕಾಲೇಜು 1957ರಲ್ಲಿ ಶುರುವಾದವು. 1965ರಲ್ಲಿ ಅಮೆರಿಕ ವಲಸೆ ಕಾಯ್ದೆಯನ್ನು ಸಡಿಲಿಸಿತು. ಆ ಕಾಲದಲ್ಲಿ ದೇಶ ಬಿಡುವವರ ಕೈಗೆ ಸಿಗುತ್ತಿದ್ದ ವಿದೇಶಿ ದುಡ್ಡು 8 ಡಾಲರ್. ಗಂಡ ಮೊದಲು ಹೋಗಿ, ಹೆಂಡತಿ ಆಮೇಲೆ ಕೂಸಿನ ಜೊತೆ ಒಬ್ಬಳೇ ಹೋಗುವುದು. ಹುಬ್ಬಳ್ಳಿಯಿಂದ ರೈಲಿನಲ್ಲೋ ಬಸ್ಸಿನಲ್ಲೋ ಮುಂಬಯಿ, ಅಲ್ಲಿಂದ ವಿಮಾನ. ಎಂಟು ಡಾಲರ್ ಸೆರಗಿಗೆ ಕಟ್ಟಿಕೊಂಡು, ಭಾಷೆ ಗೊತ್ತಿಲ್ಲದ ನಿಲ್ದಾಣದಲ್ಲಿ ಕೂಸನ್ನು ಎದೆಗವಚಿಕೊಂಡು ವಿಮಾನ ಬದಲಿಸಿದ ಆ ಹೆಣ್ಣುಮಕ್ಕಳ ಧೈರ್ಯಕ್ಕೆ ಯಾರೂ ಶಾಸನ ಕೆತ್ತಿಸಲಿಲ್ಲ.

ಹುಬ್ಬಳ್ಳಿಗೆ ವಿಮಾನ ನಿಲ್ದಾಣ 1974ರಷ್ಟು ಹಿಂದೆಯೇ ಬಂದಿತ್ತು. ಆದರೆ ಹಳ್ಳಿಯವರು ಅತ್ತ ತಿರುಗಿ ನೋಡಿದ್ದು 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಹುಬ್ಬಳ್ಳಿ ಬೆಂಗಳೂರು ನಡುವೆ ಹಾರಾಟ ಶುರು ಮಾಡಿದ ಮೇಲೆ. ವಿದೇಶಕ್ಕೆ ಹೋಗಲು ಇನ್ನೊಂದು ದೊಡ್ಡ ಊರಿಗೆ ಹೋಗಲೇಬೇಕು, ಆದರೆ ಕೂಸಿನ ಮಟ್ಟಿಗೆ ಒಂದು ರಾತ್ರಿಯ ಬಸ್ಸು ತಪ್ಪಿದರೂ ದೊಡ್ಡ ಪುಣ್ಯ.

ಈಗ ಪ್ರಯಾಣ ತಿರುವುಮುರುವೂ ಆಗಿದೆ. ಕೂಸು ಅಲ್ಲೇ ಹುಟ್ಟುತ್ತದೆ, ಬಾಣಂತನಕ್ಕೆ ಅವ್ವ ವಿಮಾನ ಹತ್ತುತ್ತಾಳೆ. ಚೀಲದಲ್ಲಿ ಅಂಟಿನುಂಡಿ, ಬಜೆ, ಹಳೆಯ ಸೀರೆಗಳ ಕೌದಿ. ತವರೇ ಮಗಳಿದ್ದಲ್ಲಿಗೆ ಹೋಗುವ ಕಾಲ ಇದು. ತೊಟ್ಟಿಲು ಮಾತ್ರ ಅಟ್ಟದ ಮೇಲೆ ಉಳಿಯುತ್ತದೆ, ಕೂಸು ಜವಳಕ್ಕೆ ಊರಿಗೆ ಬರಲಿ ಅಂತ ಕಾಯುತ್ತಾ. ಅಷ್ಟರಲ್ಲಿ ಅದು ತೊಟ್ಟಿಲಲ್ಲಿ ಮಲಗುವ ವಯಸ್ಸನ್ನೇ ದಾಟಿರುತ್ತದೆ, ಕೂಡಿಸಿ ಒಂದು ಫೋಟೋ ತೆಗೆದು ಕಳಿಸಬೇಕು ಅಷ್ಟೇ.

ಕಲಘಟಗಿಯ ಬಡಿಗರಿಗೆ ವಿಮಾನ ಗೊತ್ತಿರಲಿಲ್ಲ. ಆದರೆ ಕೂಸು ಎಲ್ಲಿಗೆ ಹೋದರೂ ಅದರ ಜಾಗ ಅದಕ್ಕೆ ಬೇಕು ಅನ್ನುವುದು ಗೊತ್ತಿತ್ತು. ವಿಮಾನದವರು ಇನ್ನೂ ಅದನ್ನು ಪೂರ್ತಿ ಕಲಿತಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ತೊಟ್ಟಿಲು ಇದ್ದರೆ ಅದರಲ್ಲಿ ಯಾರ್‍ಯಾರು ಮಲಗಿದ್ದರು ಅಂತ ಹಿರಿಯರನ್ನು ಕೇಳಿ ಬರೆದಿಡಿ. ನಮಗೂ ಒಂದಿಷ್ಟು ಹೇಳಿ.