ಚಿಂಪಾಂಜಿಗಳ ಅಧ್ಯಯನ ಮತ್ತು ಸಂರಕ್ಷಣೆ: ಒಂದು ಚಾರಿತ್ರಿಕ ವಿಮರ್ಶೆ

೧

ಆಫ್ರಿಕಾ ಖಂಡದ ಪಶ್ಚಿಮದಲ್ಲಿ ಸೆನೆಗಾಲಿನಿಂದ ಮೊದಲುಗೊಂಡು ಪೂರ್ವದಲ್ಲಿ ಟಾಂಜಾನಿಯಾದ ವರೆಗೆ ಅಲ್ಲಲ್ಲಿ ಹಬ್ಬಿರುವ ಅರಣ್ಯಗಳೇ ಚಿಂಪಾಂಜಿ ಎಂಬ ಮಹಾವಾನರದ ನಿವಾಸಸ್ಥಾನ. ಬಾಲವಿಲ್ಲದ ಈ ಪ್ರಾಣಿಯೂ ಅದರ ದಾಯಾದಿಯಾದ ಬೊನೊಬೊ ಎಂಬುದೂ ಜೀವಂತವಾಗಿರುವ ಪ್ರಾಣಿಗಳಲ್ಲೆಲ್ಲ ಮನುಷ್ಯನಿಗೆ ಅತ್ಯಂತ ಸಮೀಪದ ಬಂಧುಗಳೆಂಬುದು ಈಗ ಸರ್ವಸಮ್ಮತವಾದ ವಿಷಯ. ಆದರೆ ಈ ಬಂಧುವನ್ನು ವಿದ್ವಾಂಸರು ಅರಿತುಕೊಂಡ ಬಗೆ ವಿಚಿತ್ರವಾದುದು. ಮೊದಲು ಅದರ ಶವವನ್ನು ಪರೀಕ್ಷಿಸಿದರು. ಬಳಿಕ ಅದನ್ನು ಪಂಜರದಲ್ಲಿಟ್ಟು ನೋಡಿದರು. ಅದು ಬಾಳುವ ಕಾಡಿಗೇ ಹೋಗಿ ಅದನ್ನು ಕಾಣುವ ಪ್ರಯತ್ನ ನಡೆದುದು ಕಟ್ಟಕಡೆಗೆ. ಈ ಕ್ರಮವಿಪರ್ಯಾಸದಿಂದಾಗಿ ಮುಖ್ಯವಾದ ಒಂದು ಸಂಗತಿ ಬಹುಕಾಲ ಮರೆಯಾಗಿಯೇ ಉಳಿಯಿತು. ಅದೇನೆಂದರೆ, ಚಿಂಪಾಂಜಿಯು ಹುಟ್ಟಿನಿಂದ ಬಂದ ಗುಣಗಳಿಂದ ಮಾತ್ರವೇ ಬಾಳುವುದಿಲ್ಲ. ತಾಯಿಯಿಂದಲೂ ತಂಡದವರಿಂದಲೂ ಕಲಿತುದರಿಂದಲೂ ಬಾಳುತ್ತದೆ. ಅದಕ್ಕೂ ಒಂದು ಪರಂಪರೆಯುಂಟು. ಅಧ್ಯಯನ, ಸಂರಕ್ಷಣೆ, ಅನಾಥವಾದ ಮರಿಗಳ ಪೋಷಣೆ ಎಂಬ ಮೂರು ಕಾರ್ಯಗಳ ಚರಿತ್ರೆಯನ್ನು ಒಟ್ಟಿಗೆ ಪರಿಶೀಲಿಸಿದರೆ ಅವುಗಳ ನಡುವೆ ಒಂದೇ ಪ್ರಶ್ನೆ ಹರಿದು ಬಂದಿರುವುದು ಕಾಣುತ್ತದೆ: ಜೀವವನ್ನು ಉಳಿಸಿದ ಮಾತ್ರಕ್ಕೆ ಪರಂಪರೆ ಉಳಿಯುತ್ತದೆಯೆ?

೨

ಶಾಸ್ತ್ರೀಯವಾದ ಮೊದಲ ಗ್ರಂಥ ಹುಟ್ಟಿದುದು ಲಂಡನ್ನಿನಲ್ಲಿ. ಅಂಗೋಲದಿಂದ ಹಡಗಿನಲ್ಲಿ ತಂದ ಒಂದು ಎಳೆಯ ಚಿಂಪಾಂಜಿ ಅಲ್ಲಿ ಸತ್ತುಹೋಗಲು, ಎಡ್ವರ್ಡ್ ಟೈಸನ್ ಎಂಬ ವೈದ್ಯನು ಅದರ ಶವವನ್ನು ಛೇದಿಸಿ, ಕಂಡುದನ್ನು ೧೬೯೯ರಲ್ಲಿ ಪ್ರಕಟಿಸಿದನು. ಆ ಪ್ರಾಣಿ ೪೮ ಲಕ್ಷಣಗಳಲ್ಲಿ ಮನುಷ್ಯನನ್ನೂ ೩೪ ಲಕ್ಷಣಗಳಲ್ಲಿ ಕೋತಿಗಳನ್ನೂ ಹೆಚ್ಚಾಗಿ ಹೋಲುತ್ತದೆಂದು ಆತನ ಲೆಕ್ಕ. ೧೮೬೩ರಲ್ಲಿ ಹಕ್ಸ್‌ಲಿಯು ಪ್ರಕೃತಿಯಲ್ಲಿ ಮನುಷ್ಯನ ಸ್ಥಾನವನ್ನು ಕುರಿತು ಗ್ರಂಥವನ್ನು ಬರೆದಾಗಲೂ ವಾದಕ್ಕೆ ಆಧಾರವಾದುವು ಹೆಚ್ಚಾಗಿ ಮೂಳೆಗಳೂ ಮಿದುಳೂ. ಜೀವಂತ ಚಿಂಪಾಂಜಿಯ ನಡೆವಳಿಕೆಗೆ ಪ್ರಮಾಣವೆಂದರೆ ನಾವಿಕರ ಮತ್ತು ಬೇಟೆಗಾರರ ಕಥೆಗಳಷ್ಟೆ.

ಎರಡನೆಯ ಘಟ್ಟದಲ್ಲಿ ಶವದ ಸ್ಥಾನಕ್ಕೆ ಪಂಜರ ಬಂದಿತು. ವೋಲ್ಫ್‌ಗಾಂಗ್ ಕೊಹ್ಲರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞನು ೧೯೧೩ರಲ್ಲಿ ಟೆನೆರೀಫ್ ದ್ವೀಪಕ್ಕೆ ಹೋಗಿ, ಅಲ್ಲಿ ಆವರಣದೊಳಗೆ ಸಾಕಿದ್ದ ಚಿಂಪಾಂಜಿಗಳನ್ನು ಪರೀಕ್ಷಿಸಿ ೧೯೧೭ರಲ್ಲಿ ತನ್ನ ಗ್ರಂಥವನ್ನು ಹೊರತಂದನು. ಸುಲ್ತಾನ್ ಎಂಬ ಗಂಡು ಎರಡು ಬಿದಿರುಕೋಲುಗಳನ್ನು ಒಂದರ ತುದಿಗೆ ಮತ್ತೊಂದನ್ನು ಸಿಕ್ಕಿಸಿ, ಕೈಗೆ ನಿಲುಕದ ಹಣ್ಣನ್ನು ಎಳೆದುಕೊಂಡ ವೃತ್ತಾಂತ ಆ ಗ್ರಂಥದಿಂದ ಪ್ರಸಿದ್ಧವಾಯಿತು. ಚಿಂಪಾಂಜಿಗೆ ಬುದ್ಧಿಯುಂಟೆಂಬುದು ಇದರಿಂದ ಸಿದ್ಧವಾಯಿತು. ಆ ಬುದ್ಧಿಯಿಂದ ಕಾಡಿನಲ್ಲಿ ಅದಕ್ಕೆ ಏನು ಪ್ರಯೋಜನವೆಂಬುದು ಮಾತ್ರ ತಿಳಿಯಲಿಲ್ಲ.

ಕಾಡಿಗೆ ಹೋದವರು ಇರಲೇ ಇಲ್ಲವೆಂದಲ್ಲ. ೧೮೯೦ರ ದಶಕದ ಆರಂಭದಲ್ಲಿ ರಿಚರ್ಡ್ ಗಾರ್ನರ್ ಎಂಬ ಅಮೆರಿಕನ್ನನು ಗಬಾನಿನ ಕಾಡಿನಲ್ಲಿ ಒಂದು ಲೋಹದ ಪಂಜರವನ್ನು ನಿಲ್ಲಿಸಿ, ತಾನೇ ಅದರೊಳಗೆ ಕುಳಿತು ವಾನರಗಳ ಬರವನ್ನು ಕಾದನು. ೧೯೩೦ರಲ್ಲಿ ಹೆನ್ರಿ ನಿಸ್ಸೆನ್ ಫ್ರೆಂಚ್ ಗಿನಿಗೆ ಹೋಗಿ ಕೆಲವು ವಾರ ಚಿಂಪಾಂಜಿಗಳ ತಂಡಗಳನ್ನು ಹಿಂಬಾಲಿಸಿ, ಮರುವರ್ಷ ವರದಿಯನ್ನು ಪ್ರಕಟಿಸಿದನು. ವರದಿ ಪ್ರಾಮಾಣಿಕವಾದುದೇ. ಆದರೆ ಐವತ್ತು ವರ್ಷ ಬಾಳಬಲ್ಲ ಪ್ರಾಣಿಯ ಜೀವನವನ್ನು ಕೆಲವು ವಾರಗಳಲ್ಲಿ ತಿಳಿಯುವುದೆಂತು? ಕೊರತೆಯಾದುದು ಸಾಹಸವಲ್ಲ, ಕಾಲ.

೩

ಆ ಕಾಲವನ್ನು ಕೊಟ್ಟವರು ಜೇನ್ ಗುಡಾಲ್. ಮಾನವಪೂರ್ವೇತಿಹಾಸದ ವಿದ್ವಾಂಸರಾದ ಲೂಯಿ ಲೀಕಿಯವರ ಪ್ರೇರಣೆಯಿಂದ ಇವರು ೧೯೬೦ನೆಯ ಜುಲೈ ೧೪ರಂದು, ಆಗ ಟಾಂಗನ್ಯಿಕವೆಂಬ ಹೆಸರಿದ್ದ ದೇಶದ ಗೋಂಬೆ ಎಂಬ ರಕ್ಷಿತಾರಣ್ಯಕ್ಕೆ ಬಂದರು. ವಯಸ್ಸು ೨೬, ವಿಶ್ವವಿದ್ಯಾನಿಲಯದ ಪದವಿ ಯಾವುದೂ ಇರಲಿಲ್ಲ. ತರುಣಿಯೊಬ್ಬಳೇ ಕಾಡಿನಲ್ಲಿರಲು ಅಧಿಕಾರಿಗಳು ಒಪ್ಪದುದರಿಂದ ತಾಯಿಯೂ ಜೊತೆಯಲ್ಲಿ ಬಂದಿದ್ದರು. ಸರೋವರದ ದಡದಿಂದ ಕಡಿದಾಗಿ ಮೇಲೇರುವ ಸುಮಾರು ೩೫ ಚದರ ಕಿಲೋಮೀಟರುಗಳ ಆ ಬೆಟ್ಟಸಾಲಿನಲ್ಲಿ ಮೊದಲ ತಿಂಗಳುಗಳು ಬಹುಮಟ್ಟಿಗೆ ನಿಷ್ಫಲವಾದುವು; ಚಿಂಪಾಂಜಿಗಳು ಮನುಷ್ಯರನ್ನು ಕಂಡೊಡನೆ ಓಡಿಹೋಗುತ್ತಿದ್ದುವು. ಆ ವರ್ಷದ ನವೆಂಬರ್ ತಿಂಗಳ ಆದಿಯಲ್ಲಿ, ಡೇವಿಡ್ ಗ್ರೇಬಿಯರ್ಡ್ ಎಂದು ಇವರು ಹೆಸರಿಟ್ಟಿದ್ದ ಗಂಡು ಒಂದು ಹುತ್ತದ ಬಳಿ ಕುಳಿತು, ಹುಲ್ಲುಕಡ್ಡಿಯನ್ನು ರಂಧ್ರದೊಳಕ್ಕೆ ತೂರಿಸಿ, ಅದನ್ನು ಕಚ್ಚಿಹಿಡಿದ ಗೆದ್ದಲುಗಳನ್ನು ಹೊರಕ್ಕೆಳೆದು ತಿನ್ನುತ್ತಿದ್ದುದು ಕಣ್ಣಿಗೆ ಬಿದ್ದಿತು. ಬಳಿಕ ಚಿಂಪಾಂಜಿಗಳು ರೆಂಬೆಯ ಎಲೆಗಳನ್ನು ಕಿತ್ತು ಅದನ್ನು ಕೆಲಸಕ್ಕೆ ತಕ್ಕಂತೆ ಸಿದ್ಧಪಡಿಸಿಕೊಳ್ಳುತ್ತಿದ್ದುದೂ ಕಂಡುಬಂದಿತು. ಉಪಕರಣವನ್ನು ನಿರ್ಮಿಸುವವನೇ ಮನುಷ್ಯನೆಂಬ ಲಕ್ಷಣವನ್ನು ಕೆನೆತ್ ಓಕ್ಲಿಯ ಗ್ರಂಥ ೧೯೪೯ರಲ್ಲಿ ನೆಲೆಗೊಳಿಸಿದ್ದಿತು. ಹನ್ನೊಂದು ವರ್ಷಗಳಲ್ಲಿ ಆ ಲಕ್ಷಣಕ್ಕೆ ಅತಿವ್ಯಾಪ್ತಿದೋಷ ಬಂದೊದಗಿತು.

ಈ ಶೋಧಕ್ಕಿಂತಲೂ ದೂರ ಪರಿಣಾಮವುಳ್ಳದ್ದು ಹೆಸರಿಡುವ ಪದ್ಧತಿ. ಪ್ರಾಣಿಗಳನ್ನು ಸಂಖ್ಯೆಗಳಿಂದ ಗುರುತಿಸುವುದೇ ಶಾಸ್ತ್ರಮರ್ಯಾದೆಯೆಂದು ಭಾವಿಸಿದ್ದ ಕಾಲದಲ್ಲಿ ಗುಡಾಲರು ಫ್ಲೋ, ಫಿಫಿ, ಫ್ಲಿಂಟ್ ಮೊದಲಾದ ಹೆಸರುಗಳನ್ನು ಬಳಸಿದರು. ಅವರ ಮೊದಮೊದಲ ಲೇಖನವೊಂದರಲ್ಲಿ 'ಅವನು', 'ಅವಳು' ಎಂಬರ್ಥದ ಸರ್ವನಾಮಗಳನ್ನು ಸಂಪಾದಕರು ಹೊಡೆದುಹಾಕಿ 'ಅದು' ಎಂದು ತಿದ್ದಿದರೆಂದೂ, ತಾವು ಮತ್ತೆ ಮೊದಲಿನಂತೆಯೇ ಬರೆದು ಕಳುಹಿಸಿದರೆಂದೂ ಅವರೇ ಹೇಳಿದ್ದಾರೆ. ಕನ್ನಡ ವ್ಯಾಕರಣದಲ್ಲಿ ಮನುಷ್ಯರನ್ನುಳಿದ ಪ್ರಾಣಿಗಳಿಗೆ ನಪುಂಸಕಲಿಂಗವೇ ಸಲ್ಲುವುದರಿಂದ ಕನ್ನಡಿಗರಿಗೆ ಈ ವಿವಾದದ ಬಿಸಿ ಕೂಡಲೆ ತಟ್ಟದೆ ಇರಬಹುದು. ಆದರೆ ಅಲ್ಲಿದ್ದ ವಾದ ಕೇವಲ ವ್ಯಾಕರಣದ್ದಲ್ಲ. ಹೆಸರಿದ್ದಲ್ಲಿ ವ್ಯಕ್ತಿಯುಂಟು, ವ್ಯಕ್ತಿಯಿದ್ದಲ್ಲಿ ಜೀವನಚರಿತ್ರೆಯುಂಟು, ಜೀವನಚರಿತ್ರೆಗಳು ತಾಯಿಯಿಂದ ಮಗಳಿಗೆ ಹೆಣೆದುಕೊಂಡಲ್ಲಿ ವಂಶಚರಿತ್ರೆಯುಂಟು. ಮುದುಕಿಯಾದ ಫ್ಲೋ ೧೯೭೨ರಲ್ಲಿ ಸಾಯಲು, ಎಂಟು ವರ್ಷ ವಯಸ್ಸಿನ ಮಗ ಫ್ಲಿಂಟ್ ಆಹಾರವನ್ನು ಬಿಟ್ಟು ಸೊರಗಿ ಕೆಲವೇ ವಾರಗಳಲ್ಲಿ ತಾನೂ ಸತ್ತನು. ಈ ಸಂಗತಿಯನ್ನು ಕ್ರಮಾಂಕಗಳ ಪಟ್ಟಿಯಿಂದ ಯಾರೂ ತಿಳಿಯಲಾರರು.

ವ್ಯಕ್ತಿಗಳನ್ನು ಬಲ್ಲವರು ಅವರ ಕ್ರೌರ್ಯವನ್ನೂ ಕಾಣಬೇಕಾಯಿತು. ೧೯೭೪ರಿಂದ ೧೯೭೮ರ ವರೆಗೆ ಗೋಂಬೆಯ ಒಂದು ತಂಡದ ಗಂಡುಗಳು, ತಮ್ಮಿಂದಲೇ ಸಿಡಿದುಹೋಗಿದ್ದ ಇನ್ನೊಂದು ತಂಡದ ಗಂಡುಗಳನ್ನು ಒಂದೊಂದಾಗಿ ಹೊಡೆದು ನಿರ್ಮೂಲ ಮಾಡಿದುವು. ಸಂಶೋಧಕರು ಬಾಳೆಹಣ್ಣು ಹಾಕಿ ಅಭ್ಯಾಸಮಾಡಿಸಿದುದೇ ಈ ಕಲಹಕ್ಕೆ ಮೂಲವೆಂದು ಕೆಲವರು ಆಕ್ಷೇಪಿಸಿದರು. ಆಹಾರ ಕೊಟ್ಟುದರಿಂದ ನಡೆವಳಿಕೆ ಮಾರ್ಪಟ್ಟಿತೆಂಬುದನ್ನು ಗುಡಾಲರೂ ಒಪ್ಪಿದರು. ಆದರೆ ೧೮ ಚಿಂಪಾಂಜಿ ಸಮುದಾಯಗಳ ದಾಖಲೆಗಳನ್ನು ತುಲನೆಮಾಡಿ ೨೦೧೪ರಲ್ಲಿ ಪ್ರಕಟವಾದ ಅಧ್ಯಯನವು, ಇಂಥ ಹತ್ಯೆಗಳು ಮನುಷ್ಯರ ಹಸ್ತಕ್ಷೇಪದ ಪ್ರಮಾಣವನ್ನು ಅನುಸರಿಸುವುದಿಲ್ಲವೆಂದು ತೋರಿಸಿತು. ಅಪ್ರಿಯವಾದುದನ್ನು ಮರೆಮಾಚದೆ ಬರೆದಿಟ್ಟುದರಿಂದಲೇ ಈ ತೀರ್ಮಾನ ಸಾಧ್ಯವಾಯಿತು.

ಹೀಗೆ ಬರೆದಿಟ್ಟವರಲ್ಲಿ ಟಾಂಜಾನಿಯಾದ ಕ್ಷೇತ್ರಸಹಾಯಕರ ಹೆಸರು ಮುಖ್ಯವಾದುದು. ೧೯೭೪ರ ಜನವರಿಯಲ್ಲಿ ಆ ಕಲಹದ ಮೊದಲ ಆಕ್ರಮಣವನ್ನು ಕಣ್ಣಾರೆ ಕಂಡು ದಾಖಲಿಸಿದವರು ಹಿಲಾಲಿ ಮಟಾಮ. ೧೯೭೫ರ ಮೇ ತಿಂಗಳಲ್ಲಿ ಸರೋವರದ ಆಚೆಯಿಂದ ಬಂದ ಬಂಡುಕೋರರು ನಾಲ್ವರು ವಿದ್ಯಾರ್ಥಿಗಳನ್ನು ಹೊತ್ತುಕೊಂಡು ಹೋದರು. ಆ ವಿದ್ಯಾರ್ಥಿಗಳು ಮುಂದೆ ಬಿಡುಗಡೆ ಹೊಂದಿದರೂ ಪರದೇಶದ ಸಂಶೋಧಕರು ಗೋಂಬೆಯಲ್ಲಿ ನಿಲ್ಲುವಂತಿರಲಿಲ್ಲ. ಆಗ ದಿನಚರಿಯ ಎಳೆ ಕಡಿಯದಂತೆ ಕಾಪಾಡಿದವರು ಸುತ್ತಣ ಹಳ್ಳಿಗಳಿಂದ ಬಂದ ಈ ಸಹಾಯಕರೇ. ಅರುವತ್ತು ವರ್ಷಗಳನ್ನು ಮೀರಿದ ಗೋಂಬೆಯ ದಾಖಲೆ ಇಂದು ಅಖಂಡವಾಗಿ ದೊರೆಯುತ್ತಿರುವುದಕ್ಕೆ ಅವರ ನಿಷ್ಠೆ ಕಾರಣ.

೪

ಗೋಂಬೆಯ ಜೊತೆಗೆ ಬೇರೆ ಕ್ಷೇತ್ರಗಳೂ ಬೆಳೆದುವು. ಕ್ಯೋಟೊ ವಿಶ್ವವಿದ್ಯಾನಿಲಯದ ತೋಶಿಸಾದ ನಿಶಿದರು ೧೯೬೫ರಲ್ಲಿ ಅದೇ ಸರೋವರತೀರದ ಮಹಾಲೆ ಪರ್ವತಗಳಲ್ಲಿಯೂ, ಯುಕಿಮಾರು ಸುಗಿಯಾಮರು ೧೯೭೬ರಲ್ಲಿ ಗಿನಿಯ ಬೊಸ್ಸುವಿನಲ್ಲಿಯೂ, ಕ್ರಿಸ್ತೋಫ್ ಬೋಶ್‌ರವರು ೧೯೭೯ರಲ್ಲಿ ಐವರಿ ಕೋಸ್ಟಿನ ತಾಯಿ ಎಂಬ ಅರಣ್ಯದಲ್ಲಿಯೂ ದೀರ್ಘಾವಧಿಯ ಅಧ್ಯಯನಗಳನ್ನು ಆರಂಭಿಸಿದರು. ದಾಖಲೆಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದಾಗ ಹೊಸದೊಂದು ಸಂಗತಿ ಹೊಳೆಯಿತು. ಬೊಸ್ಸುವಿನ ಚಿಂಪಾಂಜಿಗಳು ಎಣ್ಣೆತಾಳೆಯ ಗಟ್ಟಿಬೀಜವನ್ನು ಒಂದು ಕಲ್ಲಿನ ಮೇಲಿಟ್ಟು ಇನ್ನೊಂದು ಗುಂಡುಕಲ್ಲಿನಿಂದ ಒಡೆದು ತಿರುಳನ್ನು ತಿನ್ನುತ್ತವೆ. ಗೋಂಬೆಯಲ್ಲಿಯೂ ಎಣ್ಣೆತಾಳೆಯುಂಟು, ಕಲ್ಲೂ ಉಂಟು. ಅಲ್ಲಿಯವು ಹಣ್ಣಿನ ಮೇಲುಭಾಗವನ್ನು ತಿಂದು ಬೀಜವನ್ನು ಒಡೆಯದೆ ಬಿಡುತ್ತವೆ. ಭೇದಕ್ಕೆ ಕಾರಣ ಕಾಡಲ್ಲ, ಕಲಿಕೆ. ಏಳು ಕ್ಷೇತ್ರಗಳ ವಿದ್ವಾಂಸರು ಕೂಡಿ ೧೯೯೯ರಲ್ಲಿ ಪ್ರಕಟಿಸಿದ ಪ್ರಬಂಧವು, ಒಂದು ಸಮುದಾಯದಲ್ಲಿ ರೂಢಿಯಾಗಿದ್ದು ಮತ್ತೊಂದರಲ್ಲಿ ಇಲ್ಲದ ಇಂಥ ೩೯ ಆಚಾರಗಳನ್ನು ಎಣಿಸಿತು.

ಈ ಆಚಾರಗಳು ನೆನ್ನೆ ಮೊನ್ನೆಯವಲ್ಲ. ತಾಯಿ ಅರಣ್ಯದ ಉತ್ಖನನದಲ್ಲಿ ದೊರೆತು ೨೦೦೭ರಲ್ಲಿ ವರದಿಯಾದ ಬೀಜ ಒಡೆಯುವ ಕಲ್ಲುಗಳು ಸುಮಾರು ೪,೩೦೦ ವರ್ಷಗಳಷ್ಟು ಹಳೆಯವು. ಕಲಿಕೆಯೂ ಸುಲಭವಾದುದಲ್ಲ. ಬೊಸ್ಸುವಿನ ಮರಿಗಳು ತಾಯಿಯ ಬಳಿ ಕುಳಿತು ನೋಡುತ್ತ, ಕಲ್ಲನ್ನು ತಪ್ಪುತಪ್ಪಾಗಿ ಹಿಡಿಯುತ್ತ, ಬೀಜ ಒಡೆಯಲು ಮೂರರಿಂದ ಐದು ವರ್ಷಗಳ ವಯಸ್ಸಾಗುತ್ತದೆ. ಗೆದ್ದಲು ಹಿಡಿಯುವ ವಿದ್ಯೆಯನ್ನು ಗೋಂಬೆಯ ಹೆಣ್ಣುಮರಿಗಳು ಗಂಡುಮರಿಗಳಿಗಿಂತ ಬೇಗ ಕಲಿಯುತ್ತವೆಂದೂ, ತಾಯಿಯ ಕೈಯನ್ನೇ ಹೆಚ್ಚು ಗಮನಿಸುತ್ತವೆಂದೂ ೨೦೦೪ರ ಅಧ್ಯಯನವೊಂದು ತಿಳಿಸಿತು. ಇಲ್ಲಿ ಗುರುವೆಂದರೆ ತಾಯಿ. ಪಾಠವೆಂದರೆ ಆಕೆಯ ಕೈ. ಓಲೆಗರಿಯಿಲ್ಲದ ಈ ವಿದ್ಯೆಗೆ ಪ್ರತಿಯೂ ಇಲ್ಲ. ಕಲಿಸುವ ಕೈ ಹೋದರೆ ವಿದ್ಯೆಯೂ ಹೋಯಿತು.

೫

ಕಾಡಿನ ಮಾಂಸಕ್ಕಾಗಿ ತಾಯಿಯನ್ನು ಕೊಂದು, ಮೈಗೆ ಅಂಟಿಕೊಂಡಿದ್ದ ಮರಿಯನ್ನು ಮಾರುವುದು ಆಫ್ರಿಕಾದಲ್ಲಿ ಬಹುಕಾಲದಿಂದ ನಡೆದುಬಂದಿರುವ ಅಕೃತ್ಯ. ಹೀಗೆ ಅನಾಥವಾದ ಮರಿಗಳನ್ನು ಕಾಡಿಗೆ ಮರಳಿಸುವ ಪ್ರಯತ್ನಗಳಲ್ಲಿ ಸ್ಟೆಲ್ಲ ಬ್ರೂವರ್ ಅವರದು ಗಣ್ಯವಾದುದು. ಗ್ಯಾಂಬಿಯಾದಲ್ಲಿ ಸಾಕಿದ ಚಿಂಪಾಂಜಿಗಳನ್ನು ಇವರು ೧೯೭೦ರ ದಶಕದಲ್ಲಿ ಸೆನೆಗಾಲಿನ ನಿಯೊಕೊಲೊ ಕೋಬ ಅರಣ್ಯದಲ್ಲಿ ನೆಲೆಗೊಳಿಸಲೆಳಸಿದರು. ಆದರೆ ಅಲ್ಲಿಯ ಕಾಡುಚಿಂಪಾಂಜಿಗಳು ಹೊಸಬರ ಮೇಲೆ ಬಿದ್ದುದರಿಂದ ೧೯೭೯ರಲ್ಲಿ ಅವನ್ನು ಗ್ಯಾಂಬಿಯಾ ನದಿಯ ದ್ವೀಪಗಳಿಗೆ ಸಾಗಿಸಬೇಕಾಯಿತು. ಅಮೆರಿಕದ ಒಂದು ಮನೆಯಲ್ಲಿ ಮಗಳಂತೆ ಬೆಳೆದು ಸಂಜ್ಞಾಭಾಷೆಯನ್ನು ಕಲಿತಿದ್ದ ಲೂಸಿ ಎಂಬ ಹೆಣ್ಣನ್ನು ೧೯೭೭ರಲ್ಲಿ ಗ್ಯಾಂಬಿಯಾಕ್ಕೆ ತಂದರು. ಕಾಡಿನ ಎಲೆಯನ್ನು ತಿನ್ನಲರಿಯದ ಆಕೆಗೆ ಜ್ಯಾನಿಸ್ ಕಾರ್ಟರ್ ಎಂಬುವರು ತಾವೇ ಎಲೆಗಳನ್ನು ತಿಂದು ತೋರಿಸಿ ವರ್ಷಗಟ್ಟಲೆ ಕಲಿಸಿದರು. ಲೂಸಿ ೧೯೮೭ರಲ್ಲಿ ಸತ್ತಿತು. ಪ್ರೀತಿಯಿಂದ ಬೆಳೆಸಿದವರೇ ಆಕೆಯ ಪರಂಪರೆಯನ್ನು ಆಕೆಯಿಂದ ಕಿತ್ತಿದ್ದರೆಂಬುದು ಈ ವೃತ್ತಾಂತದ ಕಹಿಯಾದ ಪಾಠ.

ಕಾಂಗೋದ ಕೊಂಕುವಾಟಿ ಪ್ರದೇಶದಲ್ಲಿ ೧೯೯೬ರಿಂದ ೨೦೦೧ರ ವರೆಗೆ ೩೭ ಅನಾಥ ಚಿಂಪಾಂಜಿಗಳನ್ನು ಬಿಡಲಾಯಿತು. ಹಲವು ಬದುಕಿದುವು, ಹೆಣ್ಣುಗಳಲ್ಲಿ ಕೆಲವು ಕಾಡಿನ ತಂಡಗಳೊಡನೆ ಬೆರೆತುವು, ಗಂಡುಗಳು ಅಲ್ಲಿಯ ಗಂಡುಗಳ ಆಕ್ರಮಣಕ್ಕೆ ಸಿಕ್ಕಿ ಬಹಳ ಕಷ್ಟಪಟ್ಟುವು. ಕಾಡಿಗೆ ಮರಳುವುದು ಅಸಾಧ್ಯವಲ್ಲ, ಆದರೆ ಎಲ್ಲಕ್ಕೂ ಸಾಧ್ಯವಲ್ಲ. ಆದಕಾರಣ ಉಳಿದವುಗಳಿಗೆ ಜೀವಮಾನಪರ್ಯಂತದ ಆಶ್ರಯಗಳು ಬೇಕಾದುವು. ಜಾಂಬಿಯಾದ ಚಿಂಫುನ್ಶಿ ೧೯೮೩ರಲ್ಲಿ, ಕಾಂಗೋದ ಚಿಂಪೂಂಗ ೧೯೯೨ರಲ್ಲಿ, ಉಗಾಂಡದ ನ್ಗಾಂಬ ದ್ವೀಪ ೧೯೯೮ರಲ್ಲಿ ಆರಂಭವಾದುವು. ಸಿಯೆರಾ ಲಿಯೋನಿನ ಟಾಕುಗಾಮದ ಕಥೆ ವಿಶೇಷವಾದುದು. ಶ್ರೀಲಂಕಾ ಮೂಲದ ಲೆಕ್ಕಿಗರಾದ ಬಾಲಾ ಅಮರಶೇಖರನ್ ೧೯೮೮ರಲ್ಲಿ ಹಳ್ಳಿಯೊಂದರಲ್ಲಿ ಕಂಡ ರೋಗಗ್ರಸ್ತ ಮರಿಯೊಂದನ್ನು ಕೊಂಡುತಂದು ಬ್ರೂನೊ ಎಂದು ಹೆಸರಿಟ್ಟು ಸಾಕಿದರು. ಅದರಿಂದ ೧೯೯೫ರಲ್ಲಿ ಆಶ್ರಯವೇ ಹುಟ್ಟಿತು. ೨೦೧೯ರಲ್ಲಿ ಚಿಂಪಾಂಜಿಯು ಆ ದೇಶದ ರಾಷ್ಟ್ರಪ್ರಾಣಿಯಾಯಿತು. ಆದರೂ ಸುತ್ತಣ ಅರಣ್ಯದ ಒತ್ತುವರಿಯನ್ನು ಪ್ರತಿಭಟಿಸಿ ೨೦೨೫ರಲ್ಲಿ ಟಾಕುಗಾಮವು ಸಂದರ್ಶಕರಿಗೆ ಬಾಗಿಲು ಮುಚ್ಚಬೇಕಾಯಿತು. ಕಾಡು ಹೋದವರಿಗೆ ಕಟ್ಟಿದ ಮನೆಗೂ ಕಾಡೇ ಬೇಲಿಯೆಂಬುದು ಇದರಿಂದ ವ್ಯಕ್ತವಾಗುತ್ತದೆ.

೬

ಮೊದಲ ಪ್ರಶ್ನೆಗೆ ಉತ್ತರ ಈಗ ಸ್ಪಷ್ಟವಾಗುತ್ತದೆ. ಆಶ್ರಯಗಳು ಜೀವವನ್ನು ಉಳಿಸುತ್ತವೆ. ಅದು ಅಲ್ಪವಾದ ಪುಣ್ಯವಲ್ಲ. ಆದರೆ ಪರಂಪರೆ ಉಳಿಯುವುದು ತಾಯಿ, ತಂಡ, ಕಾಡು ಎಂಬ ಮೂರೂ ಕೂಡಿದ್ದಲ್ಲಿ ಮಾತ್ರ. ೧೪೪ ಸಮುದಾಯಗಳನ್ನು ಪರಿಶೀಲಿಸಿದ ೨೦೧೯ರ ಅಧ್ಯಯನವೊಂದು, ಮನುಷ್ಯರ ಹಾವಳಿ ಹೆಚ್ಚಿದ ಕಡೆಗಳಲ್ಲಿ ಚಿಂಪಾಂಜಿಗಳ ಆಚಾರವೈವಿಧ್ಯವೂ ಕುಗ್ಗಿರುವುದನ್ನು ತೋರಿಸಿತು. ಪಶ್ಚಿಮ ಆಫ್ರಿಕಾದ ಉಪಜಾತಿ ೧೯೯೦ರಿಂದ ೨೦೧೪ರೊಳಗೆ ನೂರಕ್ಕೆ ಎಂಬತ್ತಕ್ಕೂ ಮಿಗಿಲಾಗಿ ಕ್ಷೀಣಿಸಿತು. ಹೀಗೆ ಎಷ್ಟು ಆಚಾರಗಳು ಯಾರೂ ಬರೆದುಕೊಳ್ಳುವ ಮುನ್ನವೇ ಅಳಿದುವೋ ಎಣಿಸುವವರಿಲ್ಲ.

ಇದನ್ನು ಗುಡಾಲರೂ ಅರಿತರು. ಗೋಂಬೆ ೧೯೬೮ರಲ್ಲಿಯೇ ರಾಷ್ಟ್ರೀಯ ಉದ್ಯಾನವಾಗಿದ್ದರೂ ಅದರ ಸುತ್ತಣ ಬೆಟ್ಟಗಳು ಬೋಳಾದುದನ್ನು ಅವರು ವಿಮಾನದಿಂದ ಕಂಡರು. ಹಳ್ಳಿಗರ ಬಡತನವನ್ನು ಬಿಟ್ಟು ಕಾಡನ್ನು ಕಾಪಾಡಲಾಗದೆಂದು ಮನಗಂಡು, ಅವರ ಸಂಸ್ಥೆಯು ೧೯೯೪ರಿಂದ ಆ ಗ್ರಾಮಗಳಲ್ಲಿ ಸಸಿಮಡಿ, ಕುಡಿಯುವ ನೀರು, ಆರೋಗ್ಯ, ಶಿಕ್ಷಣಗಳ ಕಾರ್ಯವನ್ನು ಕೈಗೊಂಡಿತು. ೨೦೨೫ನೆಯ ಅಕ್ಟೋಬರ್ ೧ರಂದು, ತಮ್ಮ ೯೧ನೆಯ ವಯಸ್ಸಿನಲ್ಲಿ ಗುಡಾಲರು ಕಾಲವಾದರು. ಅವರು ಆರಂಭಿಸಿದ ದಿನಚರಿಯನ್ನು ಗೋಂಬೆಯ ಸಹಾಯಕರು ಈಗಲೂ ಬರೆಯುತ್ತಿದ್ದಾರೆ. ಹುತ್ತದ ಬಳಿ ಕುಳಿತ ತಾಯಿಯ ಕೈಯನ್ನು ಮರಿಯೊಂದು ನೋಡುತ್ತಿರುವವರೆಗೆ ಆ ದಿನಚರಿಗೆ ವಿಷಯವುಂಟು.