ರಸಸಿದ್ಧಾಂತದ ವಿಕಾಸ ಮತ್ತು ಶಾಂತರಸ

ತ್ಯಾಗವೇ ಪರಮಧ್ಯೇಯವಾದ ಧರ್ಮದಲ್ಲಿ ಸೌಂದರ್ಯಕ್ಕೆ ಸ್ಥಾನವೆಲ್ಲಿ? ಕಣ್ಣಿಗೆ ಹಿತವಾದುದೆಲ್ಲವೂ ಬಂಧನಕ್ಕೆ ಕಾರಣವಾಗುವುದಾದರೆ, ಶಿಲ್ಪಿಯು ಜಿನಬಿಂಬವನ್ನು ಅಷ್ಟು ಸುಂದರವಾಗಿ ಕಡೆದುದೇಕೆ? ಕವಿಯು ತೀರ್ಥಂಕರರ ಚರಿತೆಯನ್ನು ರಸಭರಿತವಾಗಿ ಹಾಡಿದುದೇಕೆ? ಈ ಪ್ರಶ್ನೆಗಳಿಗೆ ನಮ್ಮ ಪೂರ್ವಿಕರು ಕಂಡುಕೊಂಡ ಸಮಾಧಾನವು ರಸಸಿದ್ಧಾಂತದ ಇತಿಹಾಸದಲ್ಲಿ ಅಡಗಿದೆ.

'ರಸ'ವೆಂಬುದು ಮೂಲತಃ ನಾಲಗೆಯ ರುಚಿಗೆ ಸಂಬಂಧಿಸಿದ ಮಾತು. ನಾನಾ ವ್ಯಂಜನಗಳಿಂದ ಕೂಡಿದ ಅನ್ನವನ್ನು ಉಣ್ಣುವವನು ಸವಿಯನ್ನು ಪಡೆಯುವಂತೆ, ಸಹೃದಯನಾದ ಪ್ರೇಕ್ಷಕನು ಅಭಿನಯದಲ್ಲಿ ವ್ಯಕ್ತವಾದ ಭಾವಗಳನ್ನು ಆಸ್ವಾದಿಸುತ್ತಾನೆಂದು ಭರತಮುನಿಯ ನಾಟ್ಯಶಾಸ್ತ್ರವು ವಿವರಿಸುತ್ತದೆ. ಅದರಲ್ಲಿ ಮೊದಲು ಹೇಳಿದ್ದ ರಸಗಳು ಎಂಟು. ಶಾಂತವು ಅನಂತರದ ಸೇರ್ಪಡೆಯೆಂಬುದು ಹಲವು ವಿದ್ವಾಂಸರ ಅಭಿಮತ. ಆದರೆ ಶ್ವೇತಾಂಬರ ಆಗಮಗಳಲ್ಲೊಂದಾದ ಪ್ರಾಕೃತದ ಅನುಯೋಗದ್ವಾರಸೂತ್ರವು ಒಂಬತ್ತು ರಸಗಳನ್ನು ಎಣಿಸಿ, ಕೊನೆಯದಾಗಿ ಪ್ರಶಾಂತವನ್ನು ಹೇಳುತ್ತದೆ. ಭಯಾನಕದ ಸ್ಥಾನದಲ್ಲಿ ಲಜ್ಜೆಯಿಂದ ಹುಟ್ಟುವ ವ್ರೀಡನಕವೆಂಬ ರಸವು ಅಲ್ಲಿರುವುದು ಗಮನಾರ್ಹ.

ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗವೇ ಕಾವ್ಯದ ಚೆಲುವನ್ನು ಕುರಿತ ವಿಚಾರಗ್ರಂಥವೆಂಬುದು ನಾಡಿನ ಹೆಮ್ಮೆ. ಸುಮಾರು 850ರಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ಈ ಕೃತಿಗೆ ದಂಡಿಯ ಕಾವ್ಯಾದರ್ಶವೇ ಆಧಾರ. ದಂಡಿಯು ಎಂಟು ರಸಗಳನ್ನಷ್ಟೇ ಹೇಳಿದ್ದರೆ, ಕವಿರಾಜಮಾರ್ಗವು ಶಾಂತವನ್ನೂ ಸೇರಿಸಿಕೊಂಡಿತು. ಕಾಶ್ಮೀರದ ಅಭಿನವಗುಪ್ತನು ತತ್ತ್ವಜ್ಞಾನವೇ ಶಾಂತದ ಸ್ಥಾಯಿಯೆಂದು ವಿಸ್ತಾರವಾಗಿ ಪ್ರತಿಪಾದಿಸಿದುದು ಇದಕ್ಕಿಂತ ಒಂದೂವರೆ ಶತಮಾನದ ಈಚೆಗೆ.

ಶಾಸ್ತ್ರವು ಹೇಳಿದ ಶಾಂತಕ್ಕೆ ಕಾವ್ಯದಲ್ಲಿ ರೂಪುಕೊಟ್ಟವನು ಪಂಪ. 941ರ ಆದಿಪುರಾಣದಲ್ಲಿ, ಜಿನಸೇನಾಚಾರ್ಯರ ಸಂಸ್ಕೃತ ಮಹಾಪುರಾಣವನ್ನು ಅನುಸರಿಸಿ ಅವನು ನಿರೂಪಿಸಿದ ನೀಲಾಂಜನೆಯ ಪ್ರಸಂಗವು ಸರ್ವವಿದಿತ. ದೇವನರ್ತಕಿಯು ಕುಣಿಯುತ್ತಿರುವಾಗಲೇ ಆಯುಷ್ಯವು ತೀರಿ ಅದೃಶ್ಯಳಾಗುತ್ತಾಳೆ. ರಸಭಂಗವಾಗದಂತೆ ಇಂದ್ರನು ಅವಳಂಥವಳನ್ನೇ ಅಲ್ಲಿ ನಿಲ್ಲಿಸುತ್ತಾನೆ. ಸಭೆಯು ಮೈಮರೆತು ನೋಡುತ್ತಲೇ ಇರುತ್ತದೆ. ಬದಲಾವಣೆಯನ್ನು ಅರಿತವನು ಆದಿದೇವನೊಬ್ಬನೇ. ಅವನಿಗೆ ವೈರಾಗ್ಯವು ಮೂಡಿದುದು ನೃತ್ಯದಿಂದ ಮುಖ ತಿರುಗಿಸಿದುದರಿಂದಲ್ಲ, ಎಲ್ಲರಿಗಿಂತ ಸೂಕ್ಷ್ಮವಾಗಿ ನೋಡಿದುದರಿಂದ. ಸೌಂದರ್ಯವನ್ನು ಕೊನೆಯವರೆಗೆ ಕಂಡವನಿಗೆ ಅದರ ಅನಿತ್ಯತೆಯೂ ಕಾಣುತ್ತದೆ. ಶೃಂಗಾರವು ಶಾಂತದಲ್ಲಿ ಪರ್ಯವಸಾನವಾಗುವ ಕ್ರಮವಿದು.

ಮುಂದೆಯೂ ಜೈನ ವಿದ್ವಾಂಸರ ಜಿಜ್ಞಾಸೆಯು ನಿಲ್ಲಲಿಲ್ಲ. 12ನೆಯ ಶತಮಾನದಲ್ಲಿ ಗುಜರಾತಿನ ಹೇಮಚಂದ್ರಾಚಾರ್ಯರ ಶಿಷ್ಯರಾದ ರಾಮಚಂದ್ರ ಮತ್ತು ಗುಣಚಂದ್ರರು ತಮ್ಮ ನಾಟ್ಯದರ್ಪಣದಲ್ಲಿ, ಎಲ್ಲ ರಸಗಳೂ ಆನಂದಮಯವೆಂಬ ಮತವನ್ನು ಒಪ್ಪದೆ, ಕರುಣ, ರೌದ್ರ, ಬೀಭತ್ಸ, ಭಯಾನಕಗಳು ದುಃಖಾತ್ಮಕವೆಂದರು. ಅವುಗಳಲ್ಲಿಯೂ ಪ್ರೇಕ್ಷಕನು ಮೆಚ್ಚುವುದು ಕವಿಯ ಮತ್ತು ನಟನ ಕೌಶಲವನ್ನೆಂಬುದು ಅವರ ವಾದ. ಕನ್ನಡದಲ್ಲಿ 16ನೆಯ ಶತಮಾನದ ಸಾಳ್ವನು ರಸರತ್ನಾಕರವೆಂಬ ಗ್ರಂಥವನ್ನೇ ರಸವಿಚಾರಕ್ಕಾಗಿ ಮೀಸಲಿಟ್ಟನು. ಅದೇ ಶತಮಾನದ ರತ್ನಾಕರವರ್ಣಿಯು ಭರತೇಶವೈಭವದಲ್ಲಿ ಭೋಗದ ನಡುವೆಯೇ ಯೋಗಿಯಾಗಿ ಬಾಳಿದ ಚಕ್ರವರ್ತಿಯನ್ನು ಚಿತ್ರಿಸಿದನು.

ಶಾಂತಕ್ಕೆ 'ಶಮ'ವನ್ನು ಸ್ಥಾಯಿಯೆಂದು ಹೇಳುವ ಪರಂಪರೆಯೂ ಉಂಟು. ಆ ಶಮವು ಕಾವ್ಯಕ್ಕಷ್ಟೇ ಸಲ್ಲುವ ಗುಣವಲ್ಲ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಶ್ರವಣಬೆಳಗೊಳದಲ್ಲಿಯೂ ಇರುವ 1368ರ ಶಾಸನಗಳು ಇದಕ್ಕೆ ಸಾಕ್ಷಿ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವುಂಟಾದಾಗ ಕಲ್ಯವೇ ಮೊದಲಾದ ಪಟ್ಟಣಗಳ ಭವ್ಯಜನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಅರಸನು ಉಭಯ ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದನು. ಕವಿಗಳು ಕಾವ್ಯದ ಕೊನೆಯಲ್ಲಿ ತಂದುನಿಲ್ಲಿಸಿದ ಶಾಂತಿಯು ಅಂದು ಈ ನೆಲದ ಜನರ ಬಾಳಿಗೂ ಇಳಿದುಬಂದಿತು.

ಬಸದಿಯ ಹೊರಗೋಡೆಗಳ ಕೆತ್ತನೆಯನ್ನು ಮೆಚ್ಚುತ್ತ ಒಳಹೊಕ್ಕವನ ದೃಷ್ಟಿಯು ಗರ್ಭಗೃಹದಲ್ಲಿ ನಿರಾಭರಣನಾದ ಜಿನನ ಮೇಲೆ ನಿಲ್ಲುತ್ತದೆ. ಚೆಲುವು ದಾರಿಯಾಗಿ ಪ್ರಶಾಂತಿಯೇ ಗುರಿಯಾಗುವ ಆ ನಡಿಗೆಯಲ್ಲಿ ರಸಸಿದ್ಧಾಂತದ ಸಾರವೆಲ್ಲವೂ ಇದೆ.